ದೋಣಿಗೆ ತಕ್ಕ ಹೊರೆ

ಸಂಸಾರವನ್ನು ಸಾಗರಕ್ಕೆ ಹೋಲಿಸುವುದು ನಮ್ಮ ಹಿರಿಯರಿಂದ ಬಂದ ವಾಡಿಕೆ. ಹರಿಕಥೆಯಲ್ಲಿಯೂ ಪುರಾಣಪ್ರವಚನದಲ್ಲಿಯೂ ಈ ಮಾತನ್ನು ಕೇಳದ ಗೃಹಸ್ಥನಿಲ್ಲ. ಸಾಗರವೆಂದ ಮೇಲೆ ದೋಣಿ ಬೇಕು. ದೋಣಿಯೆಂದ ಮೇಲೆ ಅದಕ್ಕೊಂದು ಅಳತೆಯುಂಟು. ಆದರೆ ಈ ಹೋಲಿಕೆಯನ್ನು ಹೇಳುವವರು ದಾಟುವ ವಿಚಾರವನ್ನು ಹೇಳುವರೇ ಹೊರತು, ದೋಣಿಯಲ್ಲಿ ಎಷ್ಟು ಹೊರೆಯನ್ನು ಹೇರಬಹುದು, ಗಾಳಿಯೆದ್ದಾಗ ಯಾವುದನ್ನು ಮೊದಲು ನೀರಿಗೆ ಎಸೆಯಬೇಕು, ಯಾವುದನ್ನು ಎಂದೆಂದಿಗೂ ಎಸೆಯಕೂಡದು ಎಂಬ ಲೆಕ್ಕವನ್ನು ಹೇಳುವುದು ಅಪೂರ್ವ. ಈ ತಿಂಗಳು ಆ ಲೆಕ್ಕವನ್ನೇ ವಾಚಕರ ಮುಂದಿಡಬೇಕೆಂದು ನಮ್ಮ ಇಚ್ಛೆ.

ಇದಕ್ಕೆ ಕಾರಣ, ಎಲೆಕ್ಟ್ರಾನಿಕ್ ಸಿಟಿಯ ಕಡೆಯಿಂದ ಸೋದರಿಯೊಬ್ಬರು ಬರೆದ ಕಾಗದ. ಯಜಮಾನರ ಉದ್ಯೋಗ ಹೋಗಿದೆ. ಮನೆಯ ಸಾಲದ ಕಂತು ಮಾತ್ರ ನಿಂತಿಲ್ಲ. ಈಗಿರುವ ಮನೆಯನ್ನು ಮಾರಿ, ಸಾಲ ತೀರಿಸಿ, ಎರಡು ಕೋಣೆಯ ಬಾಡಿಗೆಯ ಮನೆಗೆ ಹೋದರೆ ಉಸಿರಾಡಬಹುದು. ಆದರೆ ನಂಟರಿಷ್ಟರು ಏನೆಂದಾರು? ಇದು ಸೋತು ಕೆಳಗಿಳಿದಂತಲ್ಲವೆ? ಎಂಬುದು ಅವರ ಪ್ರಶ್ನೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಗಾದೆಯೇನೋ ಇದೆ. ಆದರೆ ರಾತ್ರಿ ಮಲಗಿದಾಗ ಉದ್ದವಾಗಿದ್ದ ಹಾಸಿಗೆ ಬೆಳಗಾಗುವುದರೊಳಗೆ ಮೋಟಾಗಿಬಿಟ್ಟರೆ ಮಾಡತಕ್ಕದ್ದೇನು? ಇದನ್ನು ಗಾದೆ ಹೇಳುವುದಿಲ್ಲ. ಆದಕಾರಣ ಹಿಂದೆ ಇಂತಹ ಸ್ಥಿತಿಗೆ ಬಂದವರು ಏನು ಮಾಡಿದರೆಂಬುದನ್ನು ವಿಚಾರಿಸುವುದು ಒಳ್ಳೆಯದು.

ದೋಣಿಯ ಮಾತು ಬಂದುದರಿಂದ, ನಿಜವಾಗಿಯೂ ಮನೆಯನ್ನು ಬಿಟ್ಟು ದೋಣಿಯಲ್ಲಿ ಸಂಸಾರ ಹೂಡಿದವರ ವೃತ್ತಾಂತವನ್ನೇ ಮೊದಲು ಹೇಳುವೆವು. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಲಿದ್ದಲು ಮೊದಲಾದ ಸರಕುಗಳ ಸಾಗಣೆಗಾಗಿ ಬಹಳ ಕಾಲುವೆಗಳನ್ನು ತೋಡಿದರು. ಅವುಗಳ ನೀರುಬಾಗಿಲುಗಳು ಅನೇಕ ಕಡೆ ಸುಮಾರು 7 ಅಡಿ ಮಾತ್ರ ಅಗಲವಾಗಿದ್ದುದರಿಂದ ದೋಣಿಗಳೂ ಅಷ್ಟೇ ಅಗಲ. ಉದ್ದ ಮಾತ್ರ 70 ಅಡಿಯವರೆಗೆ. ಕುದುರೆಯೊಂದು ದಡದ ಮೇಲೆ ನಡೆಯುತ್ತ ದೋಣಿಯನ್ನು ಹಗ್ಗದಿಂದ ಎಳೆಯುತ್ತಿತ್ತು. ಮೊದಮೊದಲು ದೋಣಿಗಾರನ ಹೆಂಡತಿ ಮಕ್ಕಳು ಊರಿನ ಮನೆಯಲ್ಲಿಯೇ ಇರುತ್ತಿದ್ದರು. 1830ರ ಅನಂತರ ರೈಲುದಾರಿಗಳು ಹಬ್ಬಿದುವು. ಸಾಗಣೆಯ ಕೂಲಿ ಇಳಿಯಿತು. ಕೈಯಾಳಿಗೆ ಸಂಬಳವನ್ನೂ ಮನೆಗೆ ಬಾಡಿಗೆಯನ್ನೂ ಕೊಡಲಾರದೆ ಎಷ್ಟೋ ಜನ ದೋಣಿಗಾರರು ಊರಿನ ಮನೆಯನ್ನು ಬಿಟ್ಟು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ದೋಣಿಯ ಹಿಂಬದಿಯಲ್ಲಿ ಸುಮಾರು 10 ಅಡಿ ಉದ್ದದ ಒಂದು ಗೂಡು. ಅದರೊಳಗೇ ಒಲೆ, ಮಡಿಸಿಡುವ ಮಂಚ, ತೆರೆದರೆ ಊಟದ ಮೇಜಾಗಿ ಮುಚ್ಚಿದರೆ ಬೀರುವಾಗುವ ಹಲಗೆ. ಉಳಿದ ಜಾಗವೆಲ್ಲ ಸರಕಿಗೆ.

ಆ ಗೂಡನ್ನು ಅವರು ಹಂದಿಗೂಡಿನಂತೆ ಇಟ್ಟಿದ್ದರೆಂದು ವಾಚಕರು ಭಾವಿಸಬಾರದು. ಗೋಡೆಗಳ ಮೇಲೆ ರೋಜಾ ಹೂಗಳನ್ನೂ ಕೋಟೆಗಳನ್ನೂ ಬಣ್ಣದಲ್ಲಿ ಬರೆದು, ಹಿತ್ತಾಳೆಯ ಗುಬುಟುಗಳನ್ನು ಉಜ್ಜಿ ಹೊಳೆಯಿಸಿ, ಕಸೂತಿಯಂಚಿನ ತಟ್ಟೆಗಳನ್ನು ಸಾಲಾಗಿ ತೂಗುಹಾಕುತ್ತಿದ್ದರು. ಸ್ಥಳ ಕಿರಿದಾದರೆ ಗೃಹಿಣಿಯ ಗೌರವವು ಕಿರಿದಾಗಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೆ ಈ ಕಥೆಗೆ ಇನ್ನೊಂದು ಮುಖವುಂಟು. ದಿನಕ್ಕೊಂದು ಊರಿನಲ್ಲಿ ತಂಗುವ ದೋಣಿಯ ಮಕ್ಕಳಿಗೆ ಪಾಠಶಾಲೆಯೆಲ್ಲಿಯದು? ಹುಡುಗನು ಕುದುರೆಯನ್ನು ನಡೆಸುವನು, ಹುಡುಗಿಯು ಚುಕ್ಕಾಣಿಯನ್ನು ಹಿಡಿಯುವಳು. ಅಕ್ಷರ ಮಾತ್ರ ಇಬ್ಬರಿಗೂ ಇಲ್ಲ. ಜಾರ್ಜ್ ಸ್ಮಿತ್ ಎಂಬ ಸಜ್ಜನರು ಈ ಮಕ್ಕಳ ಪರವಾಗಿ ಹೋರಾಡಿದ ಫಲವಾಗಿ 1877ರಲ್ಲಿಯೂ ಪುನಃ 1884ರಲ್ಲಿಯೂ ಕಾನೂನುಗಳಾದುವು. ಒಂದು ಗೂಡಿನಲ್ಲಿ ಎಷ್ಟು ಜನರಿರಬಹುದೆಂದು ಗೊತ್ತುಪಡಿಸಿ, ಮಕ್ಕಳ ವಿದ್ಯಾಭ್ಯಾಸದ ವಿಚಾರವನ್ನೂ ಅವುಗಳಲ್ಲಿ ಸೇರಿಸಿದರು. ಆದರೂ ಇಪ್ಪತ್ತನೆಯ ಶತಮಾನ ಬಂದ ಮೇಲೂ ದೋಣಿಗಾರರ ಮಕ್ಕಳಲ್ಲಿ ಓದುಬರಹವಿಲ್ಲದವರು ಬಹಳವಾಗಿದ್ದರು. ತಂದೆತಾಯಿಗಳು ಮನೆಯನ್ನು ಬಿಟ್ಟು ಬದುಕಿಕೊಂಡರು; ಬೆಲೆಯನ್ನು ಮಕ್ಕಳು ತೆತ್ತರು. ಜೀವಮಾನವೆಲ್ಲ ಶಾಲೆಯಲ್ಲಿ ಕಳೆದ ನಮಗೆ ಈ ಮಾತು ಮುಳ್ಳಿನಂತೆ ಚುಚ್ಚುತ್ತದೆ.

ಎರಡನೆಯ ಮಹಾಯುದ್ಧವು ಮುಗಿದ ಬಳಿಕ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಮನೆಗಳಿಗೆ ಕ್ಷಾಮವುಂಟಾದಾಗಲೂ, ಕೆಲಸವಿಲ್ಲದೆ ನಿಂತಿದ್ದ ಹಳೆಯ ಸರಕುದೋಣಿಗಳನ್ನು ಜನರು ಮನೆಗಳನ್ನಾಗಿ ಮಾಡಿಕೊಂಡರು. ಆದರೆ ಅವು ದಡಕ್ಕೆ ಕಟ್ಟಿ ನಿಂತ ದೋಣಿಗಳಾದುದರಿಂದ ಮಕ್ಕಳಿಗೆ ಶಾಲೆ ತಪ್ಪಬೇಕಾಗಿರಲಿಲ್ಲ. ಇಂದಿಗೂ ಆ ನಗರದಲ್ಲಿ ಸುಮಾರು 2,500 ದೋಣಿಮನೆಗಳುಂಟು. ಬಡವರ ಆಸರೆಯಾಗಿದ್ದವು ಈಗ ಬೆಲೆಬಾಳುವ ನಿವಾಸಗಳಾಗಿವೆ.

ನಮ್ಮ ಪುರಾಣದಲ್ಲಿಯೂ ಒಂದು ದೋಣಿಯಿದೆ. ಶತಪಥಬ್ರಾಹ್ಮಣದಲ್ಲಿ ಸಂಕ್ಷೇಪವಾಗಿ ಬರುವ ಮನುವಿನ ಕಥೆಯು ಮಹಾಭಾರತದ ವನಪರ್ವದಲ್ಲಿ ವಿಸ್ತಾರಗೊಂಡಿದೆ. ಪ್ರಳಯವು ಬರುವುದೆಂದು ಮತ್ಸ್ಯವು ಮೊದಲೇ ಎಚ್ಚರಿಸಿತು. ಮನುವು ದೋಣಿಯನ್ನು ಕಟ್ಟಿದನು. ಅದನ್ನು ಮತ್ಸ್ಯದ ಕೊಂಬಿಗೆ ಬಿಗಿದು ಹಿಮವಂತದ ಶಿಖರವನ್ನು ಸೇರಿದನು. ಆ ಶಿಖರಕ್ಕೆ ನೌಬಂಧನವೆಂದು ಹೆಸರಾಯಿತು. ಲೋಕವೆಲ್ಲ ಮುಳುಗುವಾಗ ಮನುವು ದೋಣಿಗೆ ಏರಿಸಿದುದೇನು? ಸಿಂಹಾಸನವನ್ನಲ್ಲ, ಭಂಡಾರವನ್ನಲ್ಲ, ಕಣಜದ ಧಾನ್ಯವನ್ನೂ ಅಲ್ಲ. ಸಕಲ ಬೀಜಗಳನ್ನು ಏರಿಸಿದನು, ಸಪ್ತರ್ಷಿಗಳನ್ನು ಏರಿಸಿದನು. ಬೀಜವೆಂದರೆ ನಾಳೆಯ ಅನ್ನ, ಋಷಿಗಳೆಂದರೆ ವಿದ್ಯೆ. ಇವೆರಡೂ ಉಳಿದುದರಿಂದಲೇ ಲೋಕವು ಮತ್ತೆ ಮೊದಲಾಯಿತು. ಈ ಕಥೆಯನ್ನು ಮಾರ್ಕಂಡೇಯನು ಹೇಳಿದುದು ಯಾರಿಗೆ? ಅರಮನೆಯನ್ನು ಕಳೆದುಕೊಂಡು ಅಡವಿಯ ಪರ್ಣಶಾಲೆಯಲ್ಲಿದ್ದ ಧರ್ಮರಾಯನಿಗೆ. ಕೇಳುವವನ ಅವಸ್ಥೆಯನ್ನು ತಿಳಿದೇ ಮುನಿಯು ಕಥೆಯನ್ನು ಆರಿಸಿದನೆಂದು ನಮಗೆ ತೋರುತ್ತದೆ.

ಇನ್ನು ನಮ್ಮ ಊರಿಗೆ ಬರೋಣ. ಬೆಂಗಳೂರಿಗೆ ದೋಣಿ ನಡೆಯುವಂಥ ನದಿಯಿಲ್ಲ. ಆದರೂ 2022ನೆಯ ಇಸವಿ ಸೆಪ್ಟೆಂಬರಿನ ಮೊದಲ ವಾರದಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೆರೆಗಳು ತುಂಬಿ ಹರಿದು, ಕೋಟಿಗಟ್ಟಲೆ ಬೆಲೆಯ ಮನೆಗಳಲ್ಲಿದ್ದವರು ರಬ್ಬರಿನ ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಬರಬೇಕಾಯಿತು. ಅಂತಹ ಗಳಿಗೆಯಲ್ಲಿ ಮನುಷ್ಯನು ಮಕ್ಕಳು, ಮುದುಕರು, ಔಷಧ, ಕಾಗದಪತ್ರ ಇಷ್ಟನ್ನು ಹಿಡಿದು ಹೊರಡುವನು. ಉಳಿದುದನ್ನೆಲ್ಲ ನೀರಿಗೆ ಬಿಡುವನು. ನೀರು ಬಂದಾಗ ಎಲ್ಲರಿಗೂ ಈ ವಿವೇಕ ತಾನಾಗಿ ಹುಟ್ಟುತ್ತದೆ. ಸಾಲದ ನೀರು ಮಾತ್ರ ಸದ್ದಿಲ್ಲದೆ ಏರುವುದರಿಂದ, ಮೂಗಿಗೆ ಬರುವವರೆಗೂ ನಾವು ಬೀರುವಿನ ಬೀಗವನ್ನು ಹಿಡಿದುಕೊಂಡಿರುವೆವು.

ಇಂದು ಗಾಜಿನ ಸೌಧಗಳಿಂದ ತುಂಬಿರುವ ವೈಟ್‌ಫೀಲ್ಡ್ ಎಂಬ ಊರು ಹುಟ್ಟಿದುದೇ ಹೀಗೆ ಹೊಸದಾಗಿ ಬಾಳನ್ನು ಮೊದಲುಮಾಡಬೇಕೆಂದವರಿಂದ ಎಂಬುದು ಎಷ್ಟು ಜನಕ್ಕೆ ಗೊತ್ತು? ಆ ಕಾಲದಲ್ಲಿ ಯುರೇಷಿಯನ್ನರೆಂದೂ ಆಂಗ್ಲೋ-ಇಂಡಿಯನ್ನರೆಂದೂ ಕರೆಯಿಸಿಕೊಳ್ಳುತ್ತಿದ್ದ ಜನರಲ್ಲಿ ಅನೇಕರಿಗೆ ಸರ್ಕಾರದ ಸಣ್ಣ ಚಾಕರಿಯೊಂದೇ ಜೀವನ. ಚಾಕರಿ ಸಿಕ್ಕದವರಿಗೆ ಪಟ್ಟಣದಲ್ಲಿ ದಾರಿದ್ರ್ಯವೇ ಗತಿ; ಆದರೂ ಪಟ್ಟಣದ ಠೀವಿಯನ್ನು ಬಿಡುವಂತಿಲ್ಲ. ಮದರಾಸಿನ ಡಿ. ಎಸ್. ವೈಟ್ ಎಂಬವರು, ಈ ಜನರು ಭೂಮಿಯನ್ನು ನಂಬಿ ಸ್ವಾವಲಂಬಿಗಳಾಗಬೇಕೆಂದು ಬೋಧಿಸಿ ಸಂಘವನ್ನು ಕಟ್ಟಿದರು. ಮೈಸೂರು ಸಂಸ್ಥಾನವು ಒಡೆಯರ ಕೈಗೆ ಮರಳಿದುದು 1881ರಲ್ಲಿ. ಮರುವರ್ಷವೇ, 1882ರಲ್ಲಿ, ಚಾಮರಾಜೇಂದ್ರ ಒಡೆಯರವರು ವ್ಯವಸಾಯದ ಊರುಗಳನ್ನು ಸ್ಥಾಪಿಸುವುದಕ್ಕಾಗಿ ಈ ಸಂಘಕ್ಕೆ 3,900 ಎಕರೆ ಜಮೀನನ್ನು ಬೆಂಗಳೂರಿನ ಪೂರ್ವದಲ್ಲಿ ಕೊಟ್ಟರು. ವೈಟರ ಹೆಸರಿನಿಂದ ಒಂದೂರು ವೈಟ್‌ಫೀಲ್ಡ್ ಆಯಿತು, ಇನ್ನೊಂದು ಸಾಸ್ಮಂಡ್.

ಊರನ್ನು ಕಟ್ಟಿದ ಕ್ರಮವೂ ಗಮನಿಸತಕ್ಕದ್ದು. ನಡುವೆ ಎಲ್ಲರಿಗೂ ಸೇರಿದ ಬಯಲು. ಅದರ ಸುತ್ತ ವೃತ್ತಾಕಾರವಾಗಿ ಮನೆಗಳು. ಇನ್ನರ್ ಸರ್ಕಲ್ ಎಂಬ ಹೆಸರು ಅಲ್ಲಿ ಇಂದಿಗೂ ನಿಂತಿದೆ. ಹೊಸದಾಗಿ ಬಡತನಕ್ಕೆ ಬಂದವನಿಗೆ ಎಲ್ಲಕ್ಕಿಂತ ದೊಡ್ಡ ಶತ್ರುವು ಏಕಾಂತ. ತನ್ನಂತೆಯೇ ಮೊದಲುಮಾಡುತ್ತಿರುವ ನೆರೆಯವನ ಬಾಗಿಲು ಎದುರಿಗೆ ಕಾಣುತ್ತಿದ್ದರೆ ಅರ್ಧ ಭಾರ ಇಳಿದಂತೆಯೇ. ಆದರೆ ಬರಿಯ ಭೂಮಿಯಿಂದ ಎಲ್ಲವೂ ಆಗುವುದಿಲ್ಲ. ಬೇಸಾಯವೂ ಒಂದು ವಿದ್ಯೆ. ಲೇಖನಿ ಹಿಡಿದ ಕೈಗೆ ಮೇಣಿ ಒಂದು ಮಳೆಗಾಲದಲ್ಲಿ ಒಗ್ಗುವುದಿಲ್ಲ. ಮುಂದೆ 1947ರ ಅನಂತರ ಆ ಸಮುದಾಯದ ಎಷ್ಟೋ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ತೆರಳಿದುವು. ವೈಟ್‌ಫೀಲ್ಡಿನಲ್ಲಿ ಈಗ ಉಳಿದಿರುವ ಹಳೆಯ ಮನೆಗಳು ಕೆಲವೇ. ಸಾಸ್ಮಂಡಿನ ಹೆಸರಂತೂ ಜನರ ನಾಲಗೆಯಿಂದಲೇ ಮರೆಯಾಗಿದೆ. ಆದರೂ ಪಟ್ಟಣದ ಠೀವಿಯನ್ನು ಬಿಟ್ಟು ಗದ್ದೆಬಯಲಿಗೆ ಹೋಗುವುದು ಅವಮಾನವಲ್ಲವೆಂದು ಒಂದು ಸಮುದಾಯವು ಸಾರ್ವಜನಿಕವಾಗಿ ಒಪ್ಪಿತಲ್ಲವೆ? ಅದು ಸಣ್ಣ ಮಾತಲ್ಲ.

ಪೂರ್ವದಿಂದ ಪಶ್ಚಿಮಕ್ಕೆ ತಿರುಗಿದರೆ ಪೀಣ್ಯ. 1970ರ ದಶಕದ ಕೊನೆಯಿಂದ ಬೆಳೆದ ಈ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳು. ಇವುಗಳಲ್ಲಿ ಅನೇಕವು ತಂದೆಮಕ್ಕಳು ತಾವೇ ಯಂತ್ರದ ಮುಂದೆ ನಿಂತು ನಡೆಸುವಂಥವು. ಅಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರು ಮೂರು ಲೇತ್ ಯಂತ್ರಗಳನ್ನಿಟ್ಟು, ಐದು ಜನ ಕೆಲಸಗಾರರೊಡನೆ, ಮೋಟಾರು ಗಾಡಿಗಳ ಬಿಡಿಭಾಗಗಳನ್ನು ಕಡೆದು ಕೊಡುತ್ತಿದ್ದರು. ಸಮೀಪದಲ್ಲಿಯೇ ಒಂದು ಸ್ವಂತ ಮನೆ, ಒಂದು ಕಾರು, ಎರಡಕ್ಕೂ ಸಾಲ. 2020ನೆಯ ಮಾರ್ಚಿ 25ರಂದು ದೇಶಕ್ಕೆ ಬೀಗ ಬಿದ್ದಿತು. ಕೆಲಸ ನಿಂತಿತು, ಕೊಟ್ಟ ಸರಕಿಗೆ ಬರಬೇಕಾಗಿದ್ದ ಹಣವೂ ಬರಲಿಲ್ಲ. ಕಾರ್ಖಾನೆಯ ಬಾಡಿಗೆ ಮತ್ತು ಬಡ್ಡಿ ಮಾತ್ರ ಒಂದು ದಿನವೂ ರಜೆ ತೆಗೆದುಕೊಳ್ಳಲಿಲ್ಲ.

ಆರು ತಿಂಗಳು ಅವರು ಹೆಂಡತಿಯ ಒಡವೆಗಳನ್ನು ಒತ್ತೆಯಿಟ್ಟು ಕಂತನ್ನು ಕಟ್ಟಿದರು. ಏಳನೆಯ ತಿಂಗಳಲ್ಲಿ ಆಕೆಯೇ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು, ಒಡವೆಯ ಬಡ್ಡಿ ಮನೆಯ ಬಡ್ಡಿಯನ್ನು ತೀರಿಸುತ್ತಿದೆ, ಮನೆ ನಮ್ಮನ್ನು ತಿನ್ನುತ್ತಿದೆ, ಇದನ್ನು ಮಾರೋಣ ಎಂದರಂತೆ. ಹಿಟ್ಟಿನ ಗಿರಣಿಯೊಂದರ ಮೇಲಿನ ಎರಡು ಕೋಣೆಗಳನ್ನು ನೋಡಿ ಬಂದರು. ಹದಿಮೂರು ವರ್ಷದ ಮಗಳು ಆ ಕೋಣೆಗಳನ್ನು ಅಳೆದು ತಂದು, ಇದ್ದ ಮನೆಯ ಹಜಾರದಲ್ಲಿಯೇ ನೆಲದ ಮೇಲೆ ಸೀಮೆಸುಣ್ಣದಿಂದ ಅಷ್ಟೇ ಅಳತೆಯ ಗೆರೆಗಳನ್ನು ಎಳೆದಳು. ಒಂದು ವಾರ ನಾಲ್ವರೂ ಆ ಗೆರೆಯೊಳಗೇ ಉಂಡು, ಓದಿ, ಮಲಗಿದರು. ಗೆರೆಯೊಳಗೆ ಹಿಡಿಸದುದನ್ನು ಮಾರುವುದೆಂದು ತೀರ್ಮಾನವಾಯಿತು. ದಿವಾನ, ಗಾಜಿನ ಬೀರು, ಎರಡನೆಯ ಶೀತಪೆಟ್ಟಿಗೆ, ಕಾರು, ಎರಡು ಲೇತ್‌ಗಳು ಹೊರಗೆ ಹೋದುವು. ಗೆರೆಯೊಳಗೆ ಉಳಿದುದು ಹಾಸಿಗೆ, ಅಡಿಗೆಯ ಪಾತ್ರೆ, ಅಜ್ಜಿಯ ದೇವರ ಪೆಟ್ಟಿಗೆ, ಮಗಳ ಪುಸ್ತಕಗಳು. ಒಂದು ಲೇತನ್ನು ಮಾತ್ರ ಮಾರಲಿಲ್ಲ. ಸ್ನೇಹಿತರೊಬ್ಬರ ಶೆಡ್ಡಿನ ಮೂಲೆಯಲ್ಲಿ ಅದನ್ನು ನಿಲ್ಲಿಸಿ, ಬಾಡಿಗೆಯ ಪಾಲನ್ನು ಕೊಟ್ಟು, ತಾವೊಬ್ಬರೇ ಕೆಲಸಕ್ಕೆ ನಿಂತರು. ಊರಾಚೆ ಇನ್ನೂ ಅಗ್ಗದ ಮನೆ ಸಿಕ್ಕುತ್ತಿತ್ತು. ಮಗಳ ಶಾಲೆ ತಪ್ಪುವುದೆಂದು ಅದನ್ನು ಬೇಡವೆಂದರು.

ಎಲ್ಲವೂ ಸುಖವಾಗಿ ನಡೆಯಿತೆಂದು ಹೇಳಿದರೆ ಅದು ಕಥೆಯಾದೀತು. ಅಜ್ಜಿಯು ಅಂಗಳದ ತುಲಸಿಯ ಕಟ್ಟೆಯನ್ನು ನೆನೆದು ಬಹಳ ದಿನ ಕಣ್ಣೀರಿಟ್ಟರು. ಹಬ್ಬಕ್ಕೆ ಬಂದ ನಂಟರೊಬ್ಬರು ಕುಳಿತುಕೊಳ್ಳದೆಯೇ ನಿಂತ ಕಾಲಿನಲ್ಲಿ ಹೊರಟುಹೋದರು. ಗಂಡಹೆಂಡಿರು ಮನಸ್ಸು ಬಿಚ್ಚಿ ಜಗಳವಾಡುವುದಕ್ಕೂ ಮಾಳಿಗೆಗೆ ಹೋಗಬೇಕಾಗಿತ್ತು! ಆದರೆ ತಿಂಗಳ ಮೊದಲ ದಿನ ಬಂದರೆ ಎದೆ ಹೊಡೆದುಕೊಳ್ಳುವುದು ನಿಂತಿತು ಎಂದು ಆಕೆ ನಮ್ಮೊಡನೆ ಹೇಳಿದರು. ನಿದ್ರೆ ಬಂತು, ನಿದ್ರೆಯಿಂದ ಕೆಲಸ ಬಂತು. ಈಗ ಎರಡನೆಯ ಲೇತು ಬಂದಿದೆ, ಸಾಲದಲ್ಲಿ ಸ್ವಲ್ಪವೇ ಉಳಿದಿದೆ, ಮಗಳು ಕಾಲೇಜಿನಲ್ಲಿದ್ದಾಳೆ. ಮನೆ ಮಾತ್ರ ಗಿರಣಿಯ ಮೇಲಿನದೇ. ದೊಡ್ಡ ಮನೆಗೆ ಯಾವಾಗ ಎಂದು ಕೇಳಿದರೆ, ಇವಳ ಓದು ಮುಗಿಯಲಿ ಎನ್ನುವರು.

ಮನುವಿನ ದೋಣಿಯಲ್ಲಿದ್ದ ಎರಡೂ ಇಲ್ಲಿವೆಯೆಂಬುದನ್ನು ವಾಚಕರು ಗಮನಿಸಿರಬಹುದು. ಲೇತು ಬೀಜ; ಮಗಳ ಶಾಲೆ ಋಷಿ. ಕಾಲುವೆಯ ದೋಣಿಗಾರರು ಒಂದನ್ನು ಉಳಿಸಿ ಇನ್ನೊಂದನ್ನು ಕಳೆದುಕೊಂಡರು. ಇವರು ಎರಡನ್ನೂ ಉಳಿಸಿಕೊಂಡರು. ನಾವು ಹೇಳಬೇಕೆಂದಿರುವುದೆಲ್ಲ ಇಷ್ಟೇ: ಮನೆಯು ಹೊರೆ, ಎಸೆಯಬಹುದು, ದುಡಿಯುವ ಸಾಧನವೂ ಮಕ್ಕಳ ವಿದ್ಯೆಯೂ ಹೊರೆಯಲ್ಲ, ಎಸೆಯಕೂಡದು.

ಈ ದಾರಿಯನ್ನು ಹಿಡಿಯಬೇಕೆಂದಿರುವ ಗೃಹಸ್ಥರಿಗೆ ಕೆಲವು ಸೂಚನೆಗಳನ್ನು ಕೊಡುವೆವು. ಮೊದಲನೆಯದು, ಕಾಲ. ಕೈಯಲ್ಲಿ ಇನ್ನೂ ನಾಲ್ಕು ತಿಂಗಳ ಖರ್ಚಿಗೆ ಹಣವಿರುವಾಗಲೇ ಮನೆಯನ್ನು ಮಾರುವ ಯೋಚನೆ ಮಾಡಬೇಕು. ಅವಸರದಲ್ಲಿ ಮಾರುವವನಿಗೆ ಬೆಲೆಯನ್ನು ಕೊಳ್ಳುವವನೇ ಕಟ್ಟುವನು. ಬೆಂಗಳೂರಿನಲ್ಲಿ ಬಾಡಿಗೆಯ ಮನೆಗೆ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ವಾಡಿಕೆಯಿರುವುದರಿಂದ, ಬರಿಗೈಯಾದ ಮೇಲೆ ಚಿಕ್ಕ ಮನೆಯೂ ಸಿಕ್ಕುವುದಿಲ್ಲ. ಎರಡನೆಯದು, ಒಡವೆ. ಸಂಪಾದನೆ ನಿಂತಿರುವಾಗ ಒಡವೆಯನ್ನು ಒತ್ತೆಯಿಟ್ಟು ಬಡ್ಡಿ ಕಟ್ಟುವುದು ತೂತಾದ ದೋಣಿಯಿಂದ ಬೊಗಸೆಯಲ್ಲಿ ನೀರನ್ನು ಚೆಲ್ಲಿದಂತೆ. ಮೂರನೆಯದು, ಸ್ಥಳ. ಈಗ ಮೆಟ್ರೊ ರೈಲು 2014ರಿಂದ ಪೀಣ್ಯಕ್ಕೂ, 2023ರಿಂದ ವೈಟ್‌ಫೀಲ್ಡಿಗೂ, 2025ರಿಂದ ಎಲೆಕ್ಟ್ರಾನಿಕ್ ಸಿಟಿಗೂ ನಡೆಯುತ್ತಿದೆ. ನಿಲ್ದಾಣಕ್ಕೆ ನಡೆದುಹೋಗುವಷ್ಟು ದೂರದಲ್ಲಿ ಚಿಕ್ಕ ಮನೆ ಸಿಕ್ಕಿದರೆ ವಾಹನದ ಕಂತು, ಎಣ್ಣೆ, ವಿಮೆ ಮೂರೂ ಉಳಿಯುತ್ತವೆ. ನಾಲ್ಕನೆಯದು, ಮನೆಯವರೆಲ್ಲರ ಒಪ್ಪಿಗೆ. ಮಕ್ಕಳಿಂದ ಬಡತನವನ್ನು ಮುಚ್ಚಿಡುವ ತಂದೆತಾಯಿಗಳು ಬಹಳ. ಮಕ್ಕಳಿಗೆ ಅದು ತಿಳಿಯದಿರುವುದು ಮಾತ್ರ ಅಪರೂಪ. ಹೇಳಿದರೆ ಅವರು ಸೀಮೆಸುಣ್ಣವನ್ನು ಹಿಡಿದು ಬರುವರು. ಹೇಳದಿದ್ದರೆ ಭಯವನ್ನು ಹಿಡಿದು ಮಲಗುವರು. ಕೊನೆಯದು, ಸತ್ಯ. ಬೇರೆ ಊರಿಗೆ ವರ್ಗವಾಯಿತು, ಮನೆ ರಿಪೇರಿಯಲ್ಲಿದೆ ಎಂಬಂಥ ಸುಳ್ಳುಗಳನ್ನು ನಂಟರಿಗೆ ಹೇಳಬೇಡಿರಿ. ಒಂದು ಸುಳ್ಳನ್ನು ಸಾಕುವುದಕ್ಕೆ ದೊಡ್ಡ ಮನೆಯನ್ನು ಸಾಕುವಷ್ಟೇ ಖರ್ಚು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸರಳಜೀವನವನ್ನು ಹೊಗಳುವ ಲೇಖನಗಳು ಬಡವನ ಬಾಗಿಲಿಗೆ ಹೋಗಿ ಉಪದೇಶ ಮಾಡಿದರೆ ಅದು ಅಪಹಾಸ್ಯ. ಪೀಣ್ಯದ ಓಣಿಗಳಲ್ಲಿ ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ಐದಾರು ಜನ ಕೂಲಿಗಾರರು ಸರದಿಯಂತೆ ಮಲಗುವುದನ್ನು ನಾವು ಬಲ್ಲೆವು. ಅವರ ದೋಣಿಯಲ್ಲಿ ಎಸೆಯುವುದಕ್ಕೆ ಏನೂ ಇಲ್ಲ. ಅವರಿಗೆ ಬೇಕಾದುದು ಕೂಲಿ, ನೀರು, ಗಾಳಿಯಾಡುವ ಮನೆ. ನಾವು ಹೇಳಿದ ಲೆಕ್ಕವು ಹೊರೆಯುಳ್ಳವರಿಗೆ ಮಾತ್ರ.

ಕಾಗದ ಬರೆದ ಸೋದರಿಗೆ ನಮ್ಮ ಉತ್ತರವು ಮೇಲಿನ ಮಾತುಗಳಲ್ಲಿಯೇ ಇದೆ. ಇದು ಸೋಲೆ ಎಂದು ಕೇಳಿದ್ದೀರಿ. ಮನೆಯನ್ನು ಬ್ಯಾಂಕಿನವರು ಹರಾಜು ಹಾಕುವವರೆಗೆ ಕಾದು ಕುಳಿತರೆ ಅದು ಸೋಲು. ನೀವೇ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೊಂಡವರಿಗೆ ಒಪ್ಪಿಸಿ, ತಲೆಯೆತ್ತಿ ಮೆಟ್ಟಿಲಿಳಿದರೆ ಅದು ಪ್ರಯಾಣ. ಯಜಮಾನರಿಗೆ ಮತ್ತೆ ಉದ್ಯೋಗ ದೊರೆಯುವವರೆಗೆ ಅವರ ಕೈಗೆ ತಕ್ಕ ಕೆಲಸದ ಸಾಧನವನ್ನು ಜೋಪಾನಮಾಡಿರಿ. ಮಕ್ಕಳ ಶಾಲೆಯನ್ನು ತಪ್ಪಿಸಬೇಡಿರಿ. ಹೊಸ ಮನೆಯ ಹೊಸ್ತಿಲು ಎಷ್ಟೇ ಚಿಕ್ಕದಾಗಿರಲಿ, ಮೊದಲ ದಿನವೇ ಅದರ ಮುಂದೆ ರಂಗವಲ್ಲಿಯನ್ನು ಹಾಕಿರಿ. ನಿಮ್ಮ ಕುಟುಂಬಕ್ಕೆ ಮಂಗಳವಾಗಲಿ.